ಕೋಳ ಮಾಡುವವರಿಲ್ಲದ ಊರು

ಹಾಲ್ಬಿ ಗ್ರಾಮ
ಆಗಸ್ಟ್ 2, 1351

ಪ್ರೀತಿಯ ತಮ್ಮ ಹ್ಯಾಮೊ,

ಹೇಗಿದ್ದೀಯ? ಲಿಂಕನ್ ಪಟ್ಟಣದ ನೀರು ಒಗ್ಗಿತೇ? ಕೆಮ್ಮು ಬಿಟ್ಟಿತೇ? ಯಾರಾದರೂ ಕೆಮ್ಮಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ನಾನು ಗಟ್ಟಿಮುಟ್ಟಾಗಿದ್ದೇನೆ. ನಾನು ಹೇಳಿದ್ದನ್ನು ಪಾದ್ರಿಗಳು ಬರೆಯುತ್ತಿದ್ದಾರೆ. ಬೈಗುಳ ಬಂದಲ್ಲಿ ಅವರ ಲೇಖನಿ ನಿಂತುಬಿಡುತ್ತದೆ, ಅದನ್ನು ನೀನೇ ತುಂಬಿಕೊ.

ಊರಿನ ಸುದ್ದಿ ಕೇಳು. ಮಹಾಮಾರಿ ಅರ್ಧ ಊರನ್ನು ನುಂಗಿದ ಮೇಲೆ ಗೋಧಿ ಕೊಯ್ಯಲು ಕೈಗಳೇ ಇಲ್ಲ. ಮೊದಲು ನಾವು ದಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆವು, ಈಗ ಅವನ ಪಾರುಪತ್ಯಗಾರ ಫುಲ್ಕ್ ನಮ್ಮ ಬಾಗಿಲಲ್ಲಿ ನಿಲ್ಲುತ್ತಾನೆ. ಅದನ್ನು ನೋಡುವ ಭಾಗ್ಯ ನಿನಗಿಲ್ಲ! ದೊಡ್ಡವರಿಗೆ ಇದನ್ನು ಸಹಿಸಲಾಗಲಿಲ್ಲ, ಪಾರ್ಲಿಮೆಂಟಿನಲ್ಲಿ ಹೊಸ ಕಾನೂನು ತಂದಿದ್ದಾರೆ. ಕುಡುಗೋಲನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಸಂತೆಯಲ್ಲಿ ನಿಲ್ಲಬೇಕು, ರೋಗಕ್ಕೆ ಮುಂಚಿನ ಕೂಲಿಗೇ ದುಡಿಯುತ್ತೇನೆಂದು ಪ್ರಮಾಣ ಮಾಡಬೇಕು. ಒಲ್ಲೆನೆಂದವರ ಕಾಲಿಗೆ ಮರದ ಕೋಳ.

ನಿನ್ನೆ ನಾನೂ ಹೋಗಿ ನಿಂತೆ, ಪ್ರಮಾಣ ಮಾಡೆಂದಾಗ ಒಲ್ಲೆನೆಂದೆ. ಇಬ್ಬರು ಮಕ್ಕಳನ್ನು ಒಂದೇ ಗುಂಡಿಗಿಳಿಸಿ ಬಂದವಳಿಗೆ ಇನ್ಯಾರ ಭಯ? ಫುಲ್ಕ್ ಕೆಂಡವಾದ. "ಏನೇ ಹಾವಿಸ್, ಕೊಬ್ಬು ಜಾಸ್ತಿ ಆಯ್ತಾ? ಕೋಳಕ್ಕೆ ಹಾಕಿಸ್ತೀನಿ ನೋಡು!" ಎಂದ. "ಹಾಕ್ಸಿ ಸ್ವಾಮಿ, ಎಲ್ಲೈತೆ ಕೋಳ?" ಎಂದೆ. ಸಂತೆಗೆ ಸಂತೆಯೇ ನಕ್ಕಿತು. ಕೋಳ ಮಾಡಬೇಕಾದ ಊರಿನ ಬಡಗಿಗಳಲ್ಲಿ ಬದುಕಿ ಉಳಿದವನು ನೀನೊಬ್ಬನೇ, ನೀನೋ ದಣಿಯ ಜೀತ ಬಿಟ್ಟು ಓಡಿಹೋದವನು. ಪರ ಊರಿನ ಬಡಗಿಗಳು ಕಾನೂನಿನ ಕೂಲಿ ಎಷ್ಟೆಂದು ಕೇಳಿ ಬಂದ ದಾರಿ ಹಿಡಿದರಂತೆ.

ಸಂಜೆ ಅದೇ ಫುಲ್ಕ್ ಮನೆಗೆ ಬಂದು ಬೆಣ್ಣೆಯಂಥ ಮಾತಾಡಿದ. "ನಿನ್ ತಮ್ಮಂಗೆ ಕಾಗ್ದ ಬರ್ಸವ್ವಾ. ಈಗ್ಲೇ ಬಂದು ಕೋಳ ಮಾಡ್ಕೊಟ್ರೆ ಓಡೋಗಿದ್ದು ಮಾಫಿ, ನಿಮ್ಮಪ್ಪನ ಹೊಲಾನೂ ಅವಂದೇ," ಎಂದ. ಬರೆಸು ಎಂದ, ಬರೆಸಿದ್ದೇನೆ. ಅಪ್ಪನ ಹೊಲದಲ್ಲಿ ಮೊಣಕಾಲುದ್ದ ಕಳೆ ಬೆಳೆದಿದೆ. ನಿನ್ನನ್ನು ನೋಡುವ ಆಸೆಯಂತೂ ಹೇಳತೀರದು.

ದೇವರು ನಿನ್ನ ಎರಡೂ ಕೈಗಳನ್ನು ಕಾಯಲಿ.

ನಿನ್ನ ಅಕ್ಕ,
ಹಾವಿಸ್

ಇನ್ನೊಂದು ಮಾತು: ಈ ಕಾಗದ ಒಯ್ಯುವ ಉಣ್ಣೆ ಗಾಡಿಯವನು ಅವಸರ ಮಾಡುತ್ತಿದ್ದಾನೆ. ಪಾದ್ರಿಗಳು ಈಗಷ್ಟೇ ಹಬ್ಬಗಳ ಪಟ್ಟಿ ತೆಗೆದು ದಿನ ಎಣಿಸಿದರು. ಓಡಿಬಂದ ಜೀತದಾಳು ಪಟ್ಟಣದಲ್ಲಿ ಒಂದು ವರ್ಷ, ಒಂದು ದಿನ ಕಳೆದರೆ ಸ್ವತಂತ್ರನಂತೆ. ನಿನಗೆ ಇನ್ನು ಎಂಟೇ ವಾರ ಉಳಿದಿದೆ. ಫುಲ್ಕ್‌ಗೂ ಅದು ಗೊತ್ತು, ಅದಕ್ಕೇ ಅವನಿಗೆ ಇಷ್ಟು ಆತುರ. ನಮ್ಮ ಮನೆಯಲ್ಲಿ ಅಷ್ಟು ಜನ ಸತ್ತರು, ಒಬ್ಬರೂ ಸ್ವತಂತ್ರರಾಗಿ ಸಾಯಲಿಲ್ಲ. ಎಂಟು ವಾರ ಪಟ್ಟಣದ ಬಾಗಿಲು ದಾಟಬೇಡ. ನಾನು ಸತ್ತೆನೆಂದು ಸುದ್ದಿ ಬಂದರೂ ಬರಬೇಡ.