ಟವಲಿನೊಳಗೆ ಕೊಟ್ಟ ಮಾತು

೭-೩-೧೯೯೧, ಗುರುವಾರ

ಲಿಂಗಸುಗೂರಿನ ಕರಿಬಸಪ್ಪನ ಹಳೇ ಫಾರಿನ್ ಕಾರಿನ ಮುಂದೆ, ಎತ್ತಿನ ಹಲ್ಲು ಎಣಿಸುವವನ ಹಾಗೆ ಬಗ್ಗಿ ನೋಡಿ ಎಲ್ಲರನ್ನೂ ನಗಿಸಿದೆ. ಅದೇ ತಮಾಷೆಯಲ್ಲಿ, ದನದ ಸಂತೆಯ ಹಾಗೆ, ಟವಲಿನೊಳಗೆ ಅವನ ಬೆರಳು ಹಿಡಿದು ಬೆಲೆ ಹೇಳಿದೆ. ಅವನು ನಗಲಿಲ್ಲ.

‘ಮುಗೀತು ಯಂಕೋಬಣ್ಣ, ಇನ್ನ ಕಾರು ನಿಂದ.’

ಟವಲಿನ ಮಾತಿಗೆ ತಪ್ಪಿದವನಿಗೆ ನಮ್ಮ ಕಡೆ ಯಾರೂ ಒಂದು ಕರು ಸಹ ಮಾರುವುದಿಲ್ಲ.

ಆಮೇಲೆ ಕಾರಿನೊಳಗೆ ಕೂತು ಕಾಲಡಿಯ ಚಾಪೆ ಎತ್ತಿದೆ. ಹೆಬ್ಬೆರಳು ಒತ್ತಿದರೆ ತುಕ್ಕು ತಿಂದ ತಗಡು ಹಪ್ಪಳದಂತೆ ಮುರಿದು ನೆಲ ಕಂಡಿತು.

ಮನೆಗೆ ಬಂದರೆ, ಸುದ್ದಿ ಕೇಳಿದ ಹೆಂಡತಿ ಅಮರಮ್ಮ ಹೊಸ ಸೀರೆ ತೆಗೆದಿಟ್ಟಿದ್ದಾಳೆ.

‘ಮೊದ್ಲ ನಾನ ಕೂಡಾಕಿ. ಮಸ್ಕಿಗೆ ಅವ್ವನ್ನ ನೋಡಾಕ ಹೋಗೂಣ್ರಿ.’

‘ಅದಕ್ಕ ತಳಾನ ಇಲ್ಲಲೇ’ ಅಂದೆ. ಇದೂ ನನ್ನ ತಮಾಷೆಯೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಸೀಟು ಸಮೇತ ರಸ್ತೆಗೆ ಬಿದ್ದಂತೆ ಕಣ್ಣಿಗೆ ಕಟ್ಟುತ್ತಿದೆ. ನಾಳೆ ಅದೇ ಟವಲು ಕರಿಬಸಪ್ಪನ ಕಾಲ ಮೇಲೆ ಹಾಕಿ, ಒಲ್ಲೆ ಅನ್ನಬೇಕು. ಅವನೂ ನಕ್ಕುಬಿಟ್ಟರೆ ಏನು ಮಾಡಲಿ?