ಆ ಬಾಗಿಲನ್ನು ಒದ್ದವರು ಯಾರು?

ಒಂದು ಆಟವನ್ನೂ ಆಡದೆ ಎಲ್ಲ ಆಟಗಳ ಹಣೆಬರಹ ಬರೆಯುವ ವರ್ಗೀಕರಣ ಸಮಿತಿಯ ಅಧ್ಯಕ್ಷರೇ,

ನನ್ನ ಅಂಗಡಿಯ ಕಂಪ್ಯೂಟರುಗಳಿಂದ ಒಂದು ವಿಡಿಯೋ ಆಟವನ್ನು ಗುರುವಾರದೊಳಗೆ ಅಳಿಸಬೇಕೆಂದು ಆಜ್ಞೆ ಕಳಿಸಿದ್ದೀರಿ. ಅದು 'ಯುವಜನರಲ್ಲಿ ಪರರ ಮನೆಗೆ ನುಗ್ಗುವ ಪ್ರವೃತ್ತಿಯನ್ನು ಪ್ರಚೋದಿಸುತ್ತದೆ' ಎಂಬುದು ತಾವು ಕೊಟ್ಟ ಕಾರಣ. ಮೊಸುಲ್ ನಗರದವರಿಗೆ ಈ ಮಾತು ಹೇಳಲು ತಮಗೆ ನಗು ಬರಲಿಲ್ಲವೇ? ನಮ್ಮ ಮನೆಗಳಿಗೆ ಯಾರ್ಯಾರು ನುಗ್ಗಿದರು, ಯಾವ ಯಾವ ಬಣ್ಣದ ಬಟ್ಟೆ ತೊಟ್ಟು ನುಗ್ಗಿದರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅವರಲ್ಲಿ ಒಬ್ಬನೂ ನನ್ನ ಅಂಗಡಿಯಲ್ಲಿ ಕೂತು ಅದನ್ನು ಕಲಿತವನಲ್ಲ.

ಆಟ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಬಂದೂಕು ಹಿಡಿದವನ ಕಣ್ಣಿನಿಂದಲೇ ಎಲ್ಲವೂ ಕಾಣುವ ಗುಂಡಿನ ಆಟ ಅದು. ಹೊರದೇಶದ ಯಾವುದೋ ಕಂಪನಿ ನಮ್ಮ ಹಳೇ ಪೇಟೆಯ ಹಳೆಯ ಫೋಟೋಗಳನ್ನು ಗುಡ್ಡೆ ಹಾಕಿಕೊಂಡು ಗಲ್ಲಿಗಳನ್ನು ಕಟ್ಟಿತು, ಆಮೇಲೆ ಅವುಗಳಲ್ಲಿ ನಮ್ಮನ್ನೇ ಶತ್ರುಗಳಾಗಿ ನಿಲ್ಲಿಸಿತು. ಬೇಸಿಗೆಯಲ್ಲಿ ಮಹಡಿ ಮೇಲೆ ಮಲಗುವವನು ಅವರ ಲೆಕ್ಕದಲ್ಲಿ ಹೊಂಚು ಹಾಕಿದ ಬಂದೂಕುಧಾರಿ. ನಮ್ಮವರು ಅಲ್ಲಿ ಆಡುವ ಅರಬ್ಬಿಯನ್ನು ಅರಬರು ಯಾರೂ ಕೇಳಿಲ್ಲ. ಇಷ್ಟೆಲ್ಲ ಇದ್ದೂ ತಮ್ಮ ಸಮಿತಿ ಮೊದಲ ಸಲ ಇದನ್ನು ನೋಡಿದಾಗ ಆಕ್ಷೇಪಿಸಿದ್ದು ಏನನ್ನು? ಅಂಗಡಿಯೊಂದರ ಕಪಾಟಿನಲ್ಲಿದ್ದ ಮದ್ಯದ ಬಾಟಲಿಯನ್ನು. ಅದಕ್ಕೆ ಕರಿ ಪಟ್ಟಿ ಹಚ್ಚಿಸಿದಿರಿ. ಅದೇ ಕಪಾಟಿನ ಕೆಳಗೆ ಬಿದ್ದಿದ್ದ ಹೆಣಕ್ಕೆ ಏನೂ ಹಚ್ಚಲಿಲ್ಲ. ಬಾಟಲಿ ಕಂಡರೆ ಕೆಡುವ ಮಕ್ಕಳು ಹೆಣ ಕಂಡರೆ ಕೆಡುವುದಿಲ್ಲವೆಂದು ಯಾವ ಪಂಡಿತರು ತಮಗೆ ಹೇಳಿದರೋ ತಿಳಿಯದು.

ಈಗ ಉಮ್ ಘಾನಿಮ್ ಅವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಮ್ಮ ಆಜ್ಞೆ ಹೊಡೆಯುತ್ತಿರುವುದು ಯುವಜನರನ್ನಲ್ಲ, ಎಪ್ಪತ್ತು ದಾಟಿದ ಈ ಹೆಂಗಸನ್ನು. ಹಳೇ ಪೇಟೆಯಲ್ಲಿ ಇವರ ಮನೆಯಿತ್ತು. ಯುದ್ಧದಲ್ಲಿ ಅದು ಕುಸಿದಾಗ ಗಂಡ ಒಳಗಿದ್ದರು. ಈಗ ನದಿಯ ಈಚೆ ದಡದಲ್ಲಿ, ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ, ಮಗಳು ಅಳಿಯನ ಜೊತೆ ಬಾಡಿಗೆಗಿದ್ದಾರೆ. ಒಂದು ಮಧ್ಯಾಹ್ನ ಅಳಿಯನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಲು ಬೈಯುತ್ತಲೇ ಅಂಗಡಿಯೊಳಗೆ ಬಂದರು.

"ಮೂರು ಮಕ್ಕಳ ತಂದೆ, ಇಲ್ಲಿ ಕೂತ್ಕೊಂಡು ಢಂ ಢಂ ಅಂತಾನೆ. ನಾಚ್ಕೆ ಆಗಲ್ವೇನಪ್ಪ ನಿಂಗೆ?" ಎಂದವರ ಕಣ್ಣು ಪರದೆಯ ಮೇಲೆ ಬಿತ್ತು. ಆಮೇಲೆ ಮೆತ್ತಗೆ ಹೇಳಿದರು: "ತಡಿ, ತಡಿ. ಇದು ನಮ್ಮ ಗಲ್ಲಿ."

ಅಂದಿನಿಂದ ಪ್ರತಿ ಮಂಗಳವಾರ ಬರತೊಡಗಿದರು. ಅವರು ಬರುವ ಮೊದಲೇ ನಾನು ಆ ಹಂತದ ಶತ್ರುಗಳನ್ನೆಲ್ಲ ಮುಗಿಸಿ ಗಲ್ಲಿಯನ್ನು ಖಾಲಿ ಮಾಡಿಡುತ್ತಿದ್ದೆ. ಹಾಗೆ ಮಾಡದಿದ್ದರೆ ಆಟ ನಮ್ಮನ್ನು ನೆಮ್ಮದಿಯಾಗಿ ನಡೆಯಲು ಬಿಡುವುದಿಲ್ಲ. ಅವರು ಚಹಾ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು, ನಾನು ನಡೆಸುತ್ತಿದ್ದೆ. ಆದರೆ ಕೈಯಲ್ಲಿನ ಬಂದೂಕು ಎಷ್ಟು ಸಲ ಇಳಿಸಿದರೂ ತಾನಾಗಿ ಮೇಲೇಳುತ್ತಿತ್ತು.

"ಆ ದರಿದ್ರದ್ದನ್ನ ಕೆಳಗಿಳಿಸೋ ನಶ್ವಾನ್. ರೊಟ್ಟಿ ಅಂಗಡಿ ಮುಂದೆ ಹೀಗಾ ಹೋಗೋದು? ನೋಡಿದೋರು ಏನಂತಾರೆ?"

"ಖಾಲಾ, ಅಂಗಡೀಲಿ ಯಾರೂ ಇಲ್ಲ," ಎನ್ನುತ್ತಿದ್ದೆ, ಸ್ವಂತ ಚಿಕ್ಕಮ್ಮನಿಗೆ ಹೇಳುವಂತೆ.

"ಇಲ್ದಿದ್ರೆ ಏನಾಯ್ತು, ಮರ್ಯಾದೆ ಬೇಡ್ವಾ?"

ಗಲ್ಲಿಯ ಅರ್ಧಕ್ಕಿದ್ದ ಆ ರೊಟ್ಟಿ ಅಂಗಡಿ ದಾಟಿ, ಕೊನೆಗೆ ಅವರ ಮನೆ ಬಾಗಿಲು ಬರುತ್ತಿತ್ತು. ಅದೇ ನೀಲಿ ಬಣ್ಣ, ತಟ್ಟಲು ಅದೇ ಕಬ್ಬಿಣದ ಬಳೆ. ಆಟದಲ್ಲಿ ಬಾಗಿಲನ್ನು ತಟ್ಟಲು ಬರುವುದಿಲ್ಲ, ಒದೆಯಲು ಮಾತ್ರ ಬರುತ್ತದೆ. ಅದನ್ನು ಮೊದಲ ದಿನವೇ ಅವರಿಗೆ ಹೇಳಿದ್ದೆ. "ಒದೀಬೇಡಪ್ಪ. ಹಾಗೇ ನಿಂತ್ಕೋ ಸ್ವಲ್ಪ ಹೊತ್ತು," ಎಂದಿದ್ದರು. ಅಲ್ಲಿಂದ ಮುಂದೆ ಪ್ರತಿ ವಾರ ನಿಂತೆವು. ಒಳಗೆ ಗಂಡ ಕೂತು ರೇಡಿಯೋ ಕೇಳುತ್ತಿದ್ದಾರೆ ಎಂಬಂತೆ ಅವರು ಆ ಬಾಗಿಲನ್ನು ನೋಡುತ್ತಿದ್ದರು. ಅಧ್ಯಕ್ಷರೇ, ಇದನ್ನು ತಾವು ಯಾವ ವಯೋಮಿತಿಗೆ ಸೇರಿಸುತ್ತೀರಿ?

ತಮ್ಮ ಸದಸ್ಯರೊಬ್ಬರು ಸಹಾಯಕನನ್ನು ಕರೆದುಕೊಂಡು ತಪಾಸಣೆಗೆ ಬಂದದ್ದು ಒಂದು ಮಂಗಳವಾರ. ಉಮ್ ಘಾನಿಮ್ ಕೂತೇ ಇದ್ದರು. ಸದಸ್ಯರು ನನ್ನ ಚಹಾ ಕುಡಿದರು, ಖರ್ಜೂರದ ಕ್ಲೇಚಾ ಬಿಸ್ಕತ್ತು ಎರಡು ತಿಂದರು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು.

"ಈ ಬಾಗಿಲು ತೆರೆದುಕೊಳ್ಳುತ್ತಾ ಕಣ್ರೀ?"

"ಒದ್ದರೆ ತೆರೆದುಕೊಳ್ಳುತ್ತೆ ಉಸ್ತಾದ್. ಆದರೆ ಇದು ಈ ಖಾಲಾ ಅವರ ಮನೆ, ನಾವು ಯಾವತ್ತೂ..."

"ಅಯ್ಯೋ, ಆಟ ಕಣ್ರೀ ಇದು," ಎಂದು ಒದ್ದೇಬಿಟ್ಟರು.

ಒಳಗೆ ಏನೂ ಇರಲಿಲ್ಲ. ಕಂಪನಿಯವರಿಗೆ ಹೊರಗೋಡೆಯ ಫೋಟೋ ಸಿಕ್ಕಿತ್ತು, ಒಳಮನೆಯದು ಎಲ್ಲಿಂದ ಸಿಗಬೇಕು? ನಾಲ್ಕು ಬೂದು ಗೋಡೆ, ಬೂದು ನೆಲ, ಅಷ್ಟೇ. ತಮ್ಮ ಸದಸ್ಯರು ಬಂದೂಕಿನ ತುದಿಯನ್ನು ಅತ್ತಿತ್ತ ಆಡಿಸಿ ಸಹಾಯಕನಿಗೆ ಹೇಳಿದರು: "ಖಾಲಿ ಇದೆ. ಬರ್ಕೋ, ಮನೆಯೊಳಗೆ ಆಕ್ಷೇಪಾರ್ಹ ದೃಶ್ಯ ಇಲ್ಲ."

ಉಮ್ ಘಾನಿಮ್ ಸ್ವಲ್ಪ ಹೊತ್ತು ನೋಡಿದರು. "ಒಂದು ಚಾಪೇನೂ ಬಿಟ್ಟಿಲ್ವಲ್ಲಪ್ಪ," ಎಂದು ಅಬಾಯಾ ಸರಿಮಾಡಿಕೊಂಡು ಎದ್ದು ಹೋದರು. ತಮ್ಮ ಸದಸ್ಯರು ತಲೆಯೆತ್ತಿ ನೋಡಲೂ ಇಲ್ಲ.

ಇದಾದ ವಾರಕ್ಕೆ ಬಂದದ್ದು ತಮ್ಮ ಆಜ್ಞೆ. ಮನೆಗೆ ನುಗ್ಗುವ ಪ್ರವೃತ್ತಿಯಂತೆ. ನನ್ನ ಅಂಗಡಿಯಲ್ಲಿ ಆ ಬಾಗಿಲನ್ನು ಒದ್ದವರು ಇಲ್ಲಿಯವರೆಗೆ ಒಬ್ಬರೇ, ಅವರು ತಮ್ಮ ಸಮಿತಿಯ ಸಂಬಳ ಉಣ್ಣುವವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ವೈದ್ಯ. ತಾವು ಅದಕ್ಕೆ ಮೊಹರು ಒತ್ತಿ ಕೊಡುತ್ತೀರಿ.

ಉಮ್ ಘಾನಿಮ್ ಬರುವುದನ್ನು ನಿಲ್ಲಿಸಿದಾಗ ನಾನೇ ಅವರ ಮನೆಗೆ ಹೋದೆ. ಆಟವನ್ನು ಮೊದಲಿಂದ ಶುರು ಮಾಡಿದ್ದೇನೆ, ಬಾಗಿಲು ಮತ್ತೆ ಮುಚ್ಚಿದೆ, ಬನ್ನಿ ಎಂದು ಕರೆದೆ.

"ಮುಚ್ಚಿರಬಹುದು ಕಣೋ. ನಾನು ಒಳಗೆ ನೋಡ್ಬಿಟ್ನಲ್ಲ," ಎಂದರು. ನಾನು ಹೊರಡಲು ಎದ್ದಾಗ ಮತ್ತೆ ಹೇಳಿದರು: "ಬರ್ತೀನಿ. ಆದ್ರೆ ರೊಟ್ಟಿ ಅಂಗಡಿ ತನಕ ಸಾಕು. ಅಲ್ಲಿಂದಾಚೆ ಕರ್ಕೊಂಡು ಹೋಗ್ಬೇಡ."

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಬಾಗಿಲನ್ನು ಒದ್ದವರು ಯಾರು ಎಂಬುದನ್ನು ತಮ್ಮ ವರದಿಯಲ್ಲಿ ಬರೆಯಿರಿ, ಒಳಗೆ ಆಕ್ಷೇಪಾರ್ಹವಾದದ್ದು ಏನೂ ಇರಲಿಲ್ಲ ಎಂಬ ಸಾಲನ್ನು ಹೊಡೆದು ಹಾಕಿ. ಗಂಡನೂ ಮನೆಯೂ ಹೋದ ಮೇಲೆ ಆ ಹೆಂಗಸಿಗೆ ಉಳಿದಿರುವುದು ಅರ್ಧ ಗಲ್ಲಿ, ಅದನ್ನಾದರೂ ಅವರಿಗೆ ಬಿಡಿ.

ಇಂತಿ,
ಪರರ ಮನೆಗೆ ನುಗ್ಗುವುದನ್ನು ಊರಿಗೆಲ್ಲ ಕಲಿಸುವವನೆಂದು ತಮ್ಮಿಂದ ವರ್ಗೀಕೃತನಾದ,
ಮಂಗಳವಾರಗಳಂದು ರೊಟ್ಟಿ ಅಂಗಡಿಯವರೆಗೆ ಮಾತ್ರ ನಡೆಯುವ
ನಶ್ವಾನ್, ಆಟದಂಗಡಿಯವನು
ಮೊಸುಲ್, ಎಡದಂಡೆ