ಕಿವಿ ಮುರಿದ ಕಪ್ಪುಗಳು

ಬೆಟಗೇರಿ
ತಾ. ೧೯ ನವೆಂಬರ ೧೯೫೬

ಕರ್ತನಲ್ಲಿ ಪ್ರಿಯಳೂ ಗಂಡನ ಮೇಲೆ ಮಾತ್ರ ಸಿಟ್ಟುಳ್ಳವಳೂ ಆದ ಅಮೃತವ್ವಳಿಗೆ ದೇವಪ್ಪನ ಸಲಾಮುಗಳು.

ಇದು ಮೂರನೆಯ ಕಾಗದ. ಮೊದಲಿನ ಎರಡಕ್ಕೂ ಉತ್ತರವಿಲ್ಲ. ಮುಂಡರಗಿಯ ಮೋಟಾರು ಕೆಟ್ಟಿರಬೇಕು, ಇಲ್ಲವೆ ಟಪಾಲಿನವನಿಗೆ ನಿಮ್ಮಣ್ಣನ ನಾಯಿ ಕಚ್ಚಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಬೇಕಂತಲೇ ನೀನು ಬರೆದಿಲ್ಲ ಎಂಬ ಮೂರನೆಯ ಕಾರಣವನ್ನು ಹತ್ತಿರ ಬರಗೊಟ್ಟಿಲ್ಲ.

ಇಲ್ಲಿ ಎಲ್ಲ ಕ್ಷೇಮ. ನಮ್ಮ ಚಹಾದಂಗಡಿ ಭಾಳ ಶಾಂತವಾಗಿದೆ, ನೊಣಗಳೂ ಗದ್ದಲ ಮಾಡುವುದಿಲ್ಲ. ಪೇಟೆಯಲ್ಲಿ ಮಾತ್ರ ಇನ್ನೂ ಭಾಷಣಗಳ ಸುಗ್ಗಿ. ಮುಂಬಯಿ ಕಡೆಯವರು, ಹೈದರಾಬಾದ ಕಡೆಯವರು, ಮೈಸೂರಿನವರು ಎಲ್ಲ ಕೂಡಿ ಕನ್ನಡಿಗರು ಒಂದಾದರಂತೆ. ಅವರಿಗೇನು, ನಕಾಶೆಯ ಮೇಲೆ ಗೆರೆ ಅಳಿಸಿದರೆ ಆತು. ನಮ್ಮ ಕಟ್ಟೆಯ ಮೇಲಿನ ಕಪ್ಪು ಮತ್ತು ಒಳಗಿನ ಕಪ್ಪು ಒಂದಾಗಲಿಕ್ಕೆ ನೀನು ರುಬ್ಬುಗುಂಡು ಎತ್ತಬೇಕಾಯಿತು.

ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೇನೆ, ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ. ಕಿವಿ ಮುರಿದ ಕಪ್ಪು ಹೊರಗೆ ಕಟ್ಟೆಯ ಮೇಲೆ, ಕೇರಿಯವರಿಗೆ. ಕಿವಿ ಇದ್ದ ಕಪ್ಪು ಒಳಗೆ, ಉಳಿದವರಿಗೆ. ಇದು ನಾನು ಮಾಡಿದ ಕಾಯಿದೆಯಲ್ಲ, ಪೇಟೆಯ ಕಾಯಿದೆ. ಸರಕಾರ ಹೋದ ವರ್ಷ ಬೇರೆ ಕಾಯಿದೆ ಮಾಡಿತಂತೆ. ಅದೂ ನಿನ್ನ ಉತ್ತರದ ಹಾಗೆ, ಬೆಟಗೇರಿಗೆ ಇನ್ನೂ ತಲುಪಿಲ್ಲ.

ನೀನು ಹೋಗುವ ಹಿಂದಿನ ದಿನ, ರವಿವಾರ, ದೇವಾಲಯದಲ್ಲಿ ಕರ್ತನ ಭೋಜನವಿತ್ತು, ಒಂದೇ ಪಾತ್ರೆಯ ದ್ರಾಕ್ಷಾರಸ ಎಲ್ಲರ ತುಟಿಗೂ. ಹೋದ ಕ್ರಿಸ್ಮಸ್ಸಿಗೆ ದೀಕ್ಷಾಸ್ನಾನ ಪಡೆದ ಕೇರಿಯ ಕರಿಯವ್ವ ನನ್ನ ಪಕ್ಕದಲ್ಲೇ ಮೊಣಕಾಲೂರಿದ್ದಳು. ಅವಳ ತುಟಿಯಿಂದ ಪಾತ್ರೆ ನನ್ನ ತುಟಿಗೆ ಬಂತು. ನಾನು ಕಣ್ಣು ಮುಚ್ಚಿ, ಎಲ್ಲರಿಗೂ ಕಾಣುವಷ್ಟು ಭಕ್ತಿಯಿಂದ ಕುಡಿದೆ. ಸೋಮವಾರ ಬೆಳಿಗ್ಗೆ ಅದೇ ಕರಿಯವ್ವ ಚಹಾಕ್ಕೆ ಬಂದಳು. ಕಿವಿ ಮುರಿದ ಕಪ್ಪಿಗೆ ಸುರಿದೆ.

"ಅಣ್ಣಾರ, ನಿನ್ನಿ ಒಂದ ಪಾತ್ರಿ ಇತ್ತಲ್ರಿ" ಅಂದಳು, ಮೆಲ್ಲಗೆ.

"ಅದು ದೇವರ ಮನಿ, ಕರಿಯವ್ವಾ. ಇದು ಪ್ಯಾಟಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಜಾಣ ಮಾತಾಡಿದೆ ಎಂದು ನಾನೂ ನಕ್ಕೆ. ನೀನು ನಗಲಿಲ್ಲ. ಒಳಗಿನ ಕಪ್ಪುಗಳನ್ನೆಲ್ಲ ನೆಲಕ್ಕಿಟ್ಟು ರುಬ್ಬುಗುಂಡಿನಿಂದ ಒಂದೊಂದರ ಕಿವಿ ಹಾರಿಸಿದೆ. ಕರ್ತನ ಶಿಷ್ಯನೊಬ್ಬ ಸಿಟ್ಟಿನಲ್ಲಿ ಒಂದೇ ಕಿವಿ ಕಡಿದಿದ್ದ. ನೀನು ಕಪ್ಪಿಡುವ ಇಡೀ ಮಾಡವನ್ನೇ ಕಿವುಡು ಮಾಡಿದೆ. ಆಮೇಲೆ ಎಲ್ಲ ಕಪ್ಪು ಒಂದೇ ಬುಟ್ಟಿಗೆ ಸುರಿದು, "ಈಗ ಆರಿಸಿ ತಗೀರಿ, ದೇವರ ಮನೀದ್ಯಾವುದು, ಪ್ಯಾಟೀದ್ಯಾವುದು" ಅಂದೆ. ಕರಿಯವ್ವ ಒಳಗೆ ಕೂತು ಚಹಾ ಕುಡಿದ ದಿನ ಬರುತ್ತೇನೆ, ಅಲ್ಲಿಯವರೆಗೆ ನಿಮಗೆ ನಿಮ್ಮ ಪೇಟೆ, ನನಗೆ ನನ್ನ ಅಣ್ಣ, ಎಂದು ನೀನು ಮುಂಡರಗಿಯ ಮೋಟಾರು ಹತ್ತಿದೆ.

ನಾನು ಅವತ್ತೇ ಹೊಸ ಕಪ್ಪು ತಂದೆ. ಚಂದ ಕಿವಿಯವು. ಗಿರಾಕಿಗಳು ನಿನ್ನ ವಿಚಾರಿಸಿದರೆ, ಹುಷಾರಿಲ್ಲ, ತವರಿಗೆ ಹೋಗ್ಯಾಳ ಎನ್ನುತ್ತಿದ್ದೆ. ಹುಷಾರಿಲ್ಲದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಊಟ ಸೇರುತ್ತಿರಲಿಲ್ಲ. ಪ್ರಾರ್ಥನೆಗೆ ಕೂತರೆ 'ನಮ್ಮ ತಂದೆಯೇ' ಎಂಬಲ್ಲಿಗೇ ನಿಲ್ಲುತ್ತಿತ್ತು. 'ನಮ್ಮ' ಅಂದರೆ ಯಾರ್ಯಾರು ಎಂಬ ಪಂಚಾಯತಿ ಬಗೆಹರಿಯದೆ ನಾಲಿಗೆ ಮುಂದೆ ಹೋಗದು.

ಹೋದ ಗುರುವಾರ ಕರಿಯವ್ವ ಅಂಗಡಿಯ ಕಡೆ ನೋಡದೆ ದಾಟಿ ಹೋಗುತ್ತಿದ್ದಳು. ಕರೆದೆ. ಒಳಗೆ ಬಂದು ಕೂಡು ಅಂದೆ. ಅವಳು ನನಗಿಂತ ಹೆಚ್ಚು ಹೆದರಿದಳು. "ಬ್ಯಾಡ್ರಿ ಅಣ್ಣಾರ, ನಿಮ್ಮ ಹೊಟ್ಟಿ ಮ್ಯಾಲೆ ಬರತೈತಿ" ಅಂದಳು. ಆದರೂ ಬಂದಳು. ಬೆಂಚಿನ ತುದಿಗೆ, ಬೀಳುವ ಹಾಗೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಕಿವಿಯಿದ್ದ ಹೊಸ ಕಪ್ಪುಗಳಲ್ಲಿ ಇಬ್ಬರೂ ಚಹಾ ಕುಡಿದೆವು. ಇದಕ್ಕೆ ಧೈರ್ಯ ಎಂದು ಹೆಸರಿಡಬೇಡ. ನೀನಿಲ್ಲದ ಮನೆಯ ಮುಂದೆ ಪೇಟೆಯ ಅಂಜಿಕೆ ಸಣ್ಣದಾಗಿತ್ತು, ಅಷ್ಟೆ.

ಬೆಂಚು ಖಾಲಿಯಾಯಿತು. ಟಾಂಗಾ ಹೊಡೆಯುವ ಮಾಶಾಕ ಒಬ್ಬ ಉಳಿದ, ನನಗೂ ಒಂದು ಹಾಕ್ರಿ, ಕುದುರಿ ಕಾಯಾಕತ್ತೈತಿ ಅಂದ. ಜಾಗದ ಮಾಲಕರಾದ ಉಡಚಪ್ಪನವರು ಬಾಗಿಲಿಗೆ ಬಂದು ನಿಂತು, ಒಳಗೆ ನೋಡಿ, ನಕ್ಕು ಹೋದರು. ಬೈದಿದ್ದರೆ ಚಲೋ ಇತ್ತು.

ಹೀಗೆ ನಿನ್ನ ಷರತ್ತು ಮುಗಿದಿದೆ. ಇನ್ನು ಜಂಬ ಮಾಡದೆ ಬಾ. ಖರೆ ಹೇಳುತ್ತೇನೆ, ನಗೆಯ ಮಾತೆಲ್ಲ ಇಲ್ಲಿಗೆ ತೀರಿದವು. ಬಾ.

ನಿನ್ನ ಬೈಗುಳಕ್ಕೂ ಹಸಿದಿರುವ
ದೇವಪ್ಪ

ತಾ.ಕ.: ಉತ್ತರವನ್ನು ಅಂಗಡಿಗೆ ಬರೆಯಬೇಡ. ಶುಕ್ರವಾರ ಉಡಚಪ್ಪನವರು ಕೀಲಿ ಹಾಕಿಸಿದರು, ಅಂಗಡಿಯ ಹಿಂಬದಿಯ ನಮ್ಮ ಖೋಲಿಗೂ. ಶಾಂತವಾಗಿದೆ ಎಂದು ಮೇಲೆ ಬರೆದದ್ದು ಸುಳ್ಳಲ್ಲ. ಇರಲು ಜಾಗ ಕೇಳಿಕೊಂಡು ದೇವಾಲಯದ ಸಭೆಯ ಹಿರಿಯರ ಮನೆಗಳಿಗೆ ಹೋದೆ. ಎಲ್ಲರೂ ನನಗಾಗಿ ಪ್ರಾರ್ಥಿಸುವರಂತೆ. ಬಾಗಿಲಲ್ಲೇ ನಿಂತು ಹೇಳಿದರು. ಈಗ ಕರಿಯವ್ವನ ಗುಡಿಸಲ ಮುಂದಿನ ಚಪ್ಪರದಲ್ಲಿದ್ದೇನೆ. ಪೇಟೆಯ ಕಸ ಹೊಡೆಯುವ ಕೆಲಸ ಅವಳಿಗೂ ತಪ್ಪಿತು. ಆದರೂ ಇದ್ದ ರೊಟ್ಟಿಯಲ್ಲಿ ಅರ್ಧ ನನಗೆ ಮುರಿದು ಕೊಡುತ್ತಾಳೆ. ಬಾ ಎಂದು ಬರೆದೆ, ಎಲ್ಲಿಗೆ ಎಂದು ಬರೆಯಲಿಲ್ಲ. ಇಲ್ಲಿಗೆ, ಅಮೃತವ್ವಾ. ಬರಲಾರೆ ಅಂದರೆ ಅದನ್ನಾದರೂ ಬರೆ. ದಿನಾ ಮೋಟಾರು ಬರುವ ಹೊತ್ತಿಗೆ ಹೋಗಿ ನಿಲ್ಲುವುದಾದರೂ ಬಿಡುತ್ತೇನೆ.